ತೊಟ್ಟಿಲ ಕೌದಿಯ ಹೊಟ್ಟೆ

“ಗುರುಗಳೇ, ಎಷ್ಟೊಂದು ಗ್ರಂಥ ಓದಿದೆ. ಕಷ್ಟ ಬಂದ ಹೊತ್ತಿಗೆ ಒಂದು ಮಾತೂ ಕೈಗೆ ಸಿಗುವುದಿಲ್ಲ. ಇನ್ನು ಯಾವುದನ್ನು ಓದಲಿ?” ಎಂದು ಶಿಷ್ಯ ಕೇಳಿದ.

ಅವನ ಕಂಕುಳಲ್ಲಿ ಪುಸ್ತಕಗಳ ಗಂಟೇ ಇತ್ತು. ಮೊದಲು ಆ ಹೊರೆ ಇಳಿಸಪ್ಪಾ, ನೋಡಿದರೆ ನನಗೇ ಭುಜ ನೋಯುತ್ತದೆ ಎಂದು ಗುರುಗಳು ಗದರಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನ ಹೆಂಡತಿ ಇದ್ದಳು. ನೀಲಗಂಗವ್ವ ಅಂತ ಹೆಸರು. ಮದುವೆಯಾಗಿ ಬಹಳ ವರ್ಷದ ಮೇಲೆ ಬಸುರಾದಳು. ದಿನ ತುಂಬುವ ಮೊದಲೇ, ಕೊರೆಯುವ ಚಳಿಯಲ್ಲಿ, ಹೆಣ್ಣುಕೂಸು ಹುಟ್ಟಿತು. ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಬೆಚ್ಚಗಿಟ್ಟರೆ ಉಳಿಯುತ್ತದೆ, ತಣ್ಣಗಾಗಲು ಬಿಟ್ಟರೆ ಇಲ್ಲ ಎಂದು ಸೂಲಗಿತ್ತಿ ಕಡ್ಡಿ ಮುರಿದಂತೆ ಹೇಳಿ ಹೋದಳು.

ಕೂಸಿಗೆ ಹೊದಿಸಲೆಂದು ನೀಲಗಂಗವ್ವ ತೊಟ್ಟಿಲಿಗೊಂದು ಕೌದಿ ಹೊಲಿಯಲು ಕುಳಿತಳು. ಕೌದಿಯ ಒಳಗೆ ತುಂಬುವುದಕ್ಕೆ ಆ ಕಡೆಯವರು ಹೊಟ್ಟೆ ಎನ್ನುತ್ತಾರೆ. ಹೊಟ್ಟೆ ಎಂದ ಮೇಲೆ ಕೇಳಬೇಕೆ? ಬಂದವರೆಲ್ಲ ತುಂಬು ತುಂಬು ಎಂದರು, ಅರೆಹೊಟ್ಟೆ ಬಿಟ್ಟರೆ ಕೂಸಿಗೆ ಒಳ್ಳೆಯದಲ್ಲ ಎಂದರು. ಬೂರುಗದ ಅರಳೆ ಹಗುರ, ಕೂಸಿನ ಎದೆಗೆ ಭಾರವಾಗದು ಎಂದು ಅವಳು ಅದನ್ನೇ ತರಿಸಿ ತುರುಕಿದಳು. ಕೌದಿ ಉಬ್ಬಿ ಕೂತಿತು. ನಡುವೆ ಚುಚ್ಚಿದರೆ ಸೂಜಿ ಆಚೆಗೆ ದಾಟಲೇ ಇಲ್ಲ. ಹೋಗಲಿ ಎಂದು ಅಂಚಿಗೆ ಮಾತ್ರ ಹೊಲಿಗೆ ಹಾಕಿದಳು. ನೋಡಿದವರು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆಯಿಂದ ಚಳಿ ಹೋಗುವಂತಿದ್ದರೆ ಕೌದಿ ಯಾರಿಗೆ ಬೇಕಿತ್ತು?

ಮರುದಿನ ಬೆಳಿಗ್ಗೆ ತೊಟ್ಟಿಲಿಗೆ ಕೈಯಿಟ್ಟವಳ ಜೀವ ಬಾಯಿಗೆ ಬಂತು. ತೂಗಿ ತೂಗಿ ಅರಳೆಯೆಲ್ಲ ಜಾರಿ ಕಾಲ ಕಡೆ ಗುಡ್ಡೆಯಾಗಿತ್ತು. ಎದೆಯ ಮೇಲೆ ಉಳಿದದ್ದು ಬರೀ ಎರಡು ಪದರ ಬಟ್ಟೆ. ಕೂಸಿನ ತುಟಿ ನೀಲಿಗಟ್ಟಿತ್ತು. ಗಂಡ ಚನ್ನಮಲ್ಲ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಅವಚಿಕೊಂಡು ಒಲೆಯ ಮುಂದೆ ಕುಳಿತ. ಸ್ವಲ್ಪ ಹೊತ್ತಿಗೆ ಕೂಸು ಮಿಸುಕಾಡಿತು. ಇಬ್ಬರಿಗೂ ಹೋದ ಉಸಿರು ಬಂತು.

“ಇನ್ನಷ್ಟು ಅರಳೆ ತರಿಸಲೇನು?” ಎಂದು ಅವನು ಕೇಳಿದ.

“ಅರಳೆ ಕಡಿಮೆಯಾಗಿಲ್ಲ. ಇದ್ದದ್ದು ನಿಂತಿಲ್ಲ,” ಎಂದಳು ನೀಲಗಂಗವ್ವ.

ಅಂಚು ಹರಿದು ಅರಳೆಯನ್ನೆಲ್ಲ ಹಿತ್ತಲಿಗೆ ಸುರಿದಳು. ಜನರ ಮಾತು ಕೇಳಿದ ತನ್ನ ಮೇಲೇ ಅವಳಿಗೆ ಸಿಟ್ಟು. ಮನೆಯಲ್ಲಿದ್ದ ಒಂದೊಂದನ್ನೂ ಎರಡು ಬಟ್ಟೆಯ ನಡುವೆ ಇಟ್ಟು ಸೂಜಿ ಚುಚ್ಚಿ ನೋಡಿದಳು. ಕಂಬಳಿಯ ತುಂಡಿನಲ್ಲಿ ಸೂಜಿ ಸಿಕ್ಕಿಕೊಂಡಿತು. ಹೊಸ ಹತ್ತಿಯ ದಪ್ಪ ಹಾಸಿನಲ್ಲಿ ಬಾಗಿತು. ತಾನು ಉಟ್ಟು, ಒಗೆದು ಮೆತ್ತಗಾದ ಹಳೆಯ ಸೀರೆಯನ್ನು ಮಡಿಸಿ ಇಟ್ಟಾಗ ಮೇಲಿಂದ ಕೆಳಗೆ ಸಲೀಸಾಗಿ ದಾಟಿತು. ಇದೇ ಸರಿ ಎಂದು ಸಾಲಿಗೆ ಸಾಲು ಒತ್ತಿ ಹೊಲಿದಳು. ಊಟದ ನೆನಪೂ ಆಗಲಿಲ್ಲ. ಸಂಜೆಗೆ ಕೌದಿ ಮುಗಿಯಿತು. ತೆಳ್ಳಗಿತ್ತು, ಹೇಳಿಕೊಳ್ಳುವಂಥ ಚಂದವೇನೂ ಇರಲಿಲ್ಲ. ಇದಕ್ಕೆ ಹೊಟ್ಟೆಯೇ ಇಲ್ಲವಲ್ಲೇ ಎಂದು ನೆರೆಯವಳು ಮೂಗು ಮುರಿದಳು. ನೀಲಗಂಗವ್ವ ಅದನ್ನು ಎತ್ತಿ ಜೋರಾಗಿ ಕೊಡವಿ ತೋರಿಸಿದಳು. ಒಳಗಿದ್ದದ್ದು ಒಂದೆಳೆಯೂ ಕದಲಲಿಲ್ಲ.

ಕೂಸಿನ ಮೈ ಬೆಚ್ಚಗೆ ನಿಂತಿತು. ತುಟಿ ಕೆಂಪಾಯಿತು. ಹಾಲು ಹೀರುವ ಶಕ್ತಿ ಬಂತು. ಚಳಿ ಇಳಿಯುವ ಹೊತ್ತಿಗೆ ಒಂದು ದಿನ ಅದು ಎರಡೂ ಕಾಲೆತ್ತಿ ಕೌದಿಯನ್ನೇ ಒದ್ದು ನೆಲಕ್ಕೆ ಕೆಡವಿತು. ನೀಲಗಂಗವ್ವ ಕೌದಿಯನ್ನು ಎತ್ತಲಿಲ್ಲ. ಬೀದಿಗೆ ಓಡಿ, ನನ್ನ ಮಗಳು ಒದ್ದಳು ಬನ್ನಿರೇ ಎಂದು ಕೂಗಿ ಕರೆದಳು. ಚನ್ನಮಲ್ಲ ಮಗ್ಗ ನಿಲ್ಲಿಸಿ ಬಂದ. ಮೂಗು ಮುರಿದವಳೂ ಬಂದಳು. ಬೆಲ್ಲ ಹಂಚಿದ್ದೇನು, ನಕ್ಕದ್ದೇನು, ಅಂದು ಆ ಬೀದಿಯಲ್ಲಿ ಹಬ್ಬವೇ ಆಯಿತು. ತಾಯಿ ಗೆದ್ದಿದ್ದಳು.

ಶಿಷ್ಯನ ಮುಖ ಅರಳಿತು. ಅರ್ಥವಾಯಿತು ಗುರುಗಳೇ, ಇನ್ನು ಹೊಸದೆಲ್ಲ ಬಿಟ್ಟು ಹಳೆಯ ಗ್ರಂಥಗಳನ್ನೇ ಓದುತ್ತೇನೆ ಎಂದ.

ಗುರುಗಳು ಅಂದರು: “ಓದಿದ್ದು ಇರಲಿ, ಅದರಲ್ಲಿ ನೀನು ಹೊಲಿದದ್ದು ಯಾವುದು ಹೇಳು.”