ಬೆಂಕಿಗೆ ‘ಹೋಗಿ ಬಾ’ ಅಂದವಳು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಹೊಳೆಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ. ಬೆಟ್ಟವನ್ನು ಕೇಳಿ ಕೇಳಿ ಹರಿಯುತ್ತಿತ್ತು. ನೆರಳುಗಳಿಗೆ ತಮ್ಮ ಮರ ಯಾವುದೆಂದು ಆಗಾಗ ಮರೆತುಹೋಗುತ್ತಿತ್ತು.

ರಾಚಿ, ಆ ಕರಿ ಗುಡ್ಡವನ್ನು ಆಮೇಲೆ ನೋಡುವೆಯಂತೆ. ಈಗ ನನ್ನ ಮುಖ ನೋಡು. ಹೌದು, ನಿಮ್ಮಜ್ಜಿಗೆ ಸಿಟ್ಟು ಬಂದಿದೆ. ನಿನ್ನ ಮೇಲಲ್ಲ. ಯಾರ ಮೇಲೆ ಅಂತ ಕಥೆ ಮುಗಿಯುವಾಗ ಹೇಳುತ್ತೇನೆ.

ಆಗ ಬೆಂಕಿ ಬಿದಿರ ಮೆಳೆಯೊಳಗೆ ಮಲಗಿರುತ್ತಿತ್ತು. ಅದಕ್ಕೆ ಎರಡು ಕಟ್ಟಳೆ ಇದ್ದವು. ‘ಬಾ’ ಎಂದು ಯಾರಾದರೂ ಕರೆಯದೆ ಬರುವಂತಿರಲಿಲ್ಲ. ‘ಹೋಗು’ ಎಂದರೆ ಒಂದು ಕ್ಷಣವೂ ನಿಲ್ಲುವಂತಿರಲಿಲ್ಲ. ಆನೆ ಅದನ್ನು ಕರೆಯಲಿಲ್ಲ. ಜಿಂಕೆ ಕರೆಯಲಿಲ್ಲ. ಇರುವೆ ಕೂಡ ಕರೆಯಲಿಲ್ಲ. ಅವಕ್ಕೆಲ್ಲ ಬುದ್ಧಿ ಇತ್ತು.

ಕರೆದವರು ನಾವು.

ಬೆಟ್ಟದ ಬುಡದ ಗುಡಿಸಲಿನಲ್ಲಿ ಕೇತಿ ಎಂಬ ಹೆಂಗಸಿದ್ದಳು. ಬಲು ಒಳ್ಳೆಯವಳು, ಯಾರಿಗೂ ಒಂದು ಗಡಸು ಮಾತು ಆಡಿದವಳಲ್ಲ. ಅದೇ ತೊಂದರೆಯಾಯಿತು. ಮಾಗಿಯ ಚಳಿಗೆ ಅವಳ ಕೂಸು ಗಡಗಡ ನಡುಗುತ್ತಿತ್ತು. ಕೇತಿ ಮೆಳೆಯ ಹತ್ತಿರ ಹೋಗಿ ಕೈಮುಗಿದಳು.

“ಬಾರಪ್ಪ ನೆಂಟಪ್ಪ, ನಮ್ ಗುಡ್ಲಿಗೆ ಬಾ.”

ಬೆಂಕಿ ಬಂತು. ಮೂರು ಕಲ್ಲುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿತು. ಕೊಟ್ಟ ಪುಳ್ಳೆ ತಿಂದಿತು, ಗೆಣಸು ಸುಟ್ಟುಕೊಟ್ಟಿತು, ಕೂಸನ್ನು ಬೆಚ್ಚಗಿಟ್ಟಿತು. ಮಾಗಿಯಲ್ಲಿ ಅದಕ್ಕಿಂತ ಒಳ್ಳೆಯ ನೆಂಟ ಇರಲಿಲ್ಲ. ಇದನ್ನು ನಾನು ಇಲ್ಲವೆನ್ನುವುದಿಲ್ಲ.

ಆದರೆ ಮಾಗಿ ಕಳೆಯಿತು. ಎಲೆ ಉದುರಿತು. ಇಳಿಜಾರಿನ ಮೇಲೆ ಆಳೆತ್ತರದ ಬೋದೆ ಹುಲ್ಲು ಒಣಗಿ ಗರಗರ ಎನ್ನತೊಡಗಿತು. ತೊರೆ ಸಣಕಲಾಯಿತು. ಬಿಸಿಲು ಏರಿದಂತೆ ನೆಂಟನ ಹಸಿವೂ ಏರಿತು. ಪುಳ್ಳೆ ತಿನ್ನುತ್ತಾ ತಿನ್ನುತ್ತಾ ಬೆಂಕಿ ಆ ಹುಲ್ಲನ್ನೇ ನೋಡುತ್ತಿತ್ತು.

ಅದನ್ನು ಕಂಡದ್ದು ಗೌಜಲಕ್ಕಿ. ಗೌಜಲಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ, ನಿನಗೆ ಗೊತ್ತಲ್ಲ. ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ ಮೊಟ್ಟೆ ಇಡುತ್ತದೆ. ಬೆಟ್ಟದ ನೆತ್ತಿಯ ಬಂಡೆಯ ಪಕ್ಕ ಅದು ಆರು ಮೊಟ್ಟೆ ಇಟ್ಟಿತ್ತು. ಅದರ ಮೊದಲ ಮೊಟ್ಟೆಗಳು. ಅದು ಗುಡಿಸಲ ಮುಂದೆ ಬಂದು ನಿಂತಿತು.

“ಕೇತಕ್ಕ, ನಿನ್ ನೆಂಟನ ಕಣ್ಣು ಸರಿ ಇಲ್ಲ. ಮರಿ ಆಚೆಗೆ ಬರಾಕೆ ಇನ್ನ ಒಂಬತ್ ದಿನ ಅದೆ. ಅವನಿಗೆ ‘ಹೋಗು’ ಅನ್ನು.”

“ಅಯ್ಯೋ, ನಾನೇ ಕರ್ದ ನೆಂಟ ಕಣವ್ವ. ‘ಹೋಗು’ ಅನ್ನಾಕೆ ನಾಲಗೆ ಹೆಂಗ್ ಬತ್ತದೆ?” ಅಂದಳು ಕೇತಿ.

ನಾಲ್ಕು ದಿನ ಕಳೆಯಿತು. ಬಿಸಿಲು ಇನ್ನೂ ಏರಿತು. ಗೌಜಲಕ್ಕಿ ಮತ್ತೆ ಬಂತು.

“ಕೇತಕ್ಕ, ಇನ್ನ ಐದ್ ದಿನ ಅದೆ. ‘ಹೋಗು’ ಅನ್ನು.”

“ಹೆಂಗ್ ಅನ್ನಾದವ್ವ? ನೋಡಿದೋರು ಏನಂದಾರು?”

ನೋಡಿದವರು! ಯಾರಿದ್ದರು ನೋಡುವುದಕ್ಕೆ? ಲೋಕವೇ ಹೊಸದು, ಆ ಬೆಟ್ಟದ ಸುತ್ತ ಹತ್ತು ಗುಡಿಸಲೂ ಇರಲಿಲ್ಲ. ಈ ಮಾತು ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ ರಾಚಿ.

ಇನ್ನೂ ಮೂರು ದಿನ ಕಳೆಯಿತು. ಗೌಜಲಕ್ಕಿ ಮೂರನೇ ಸಲ ಬಂತು. ಈ ಸಲ ಬೇಡಲಿಲ್ಲ, ರೆಕ್ಕೆ ಬಡಿದು ಕೂಗಿತು.

“ಎರಡೇ ದಿನ ಅದೆ ಕೇತಕ್ಕ! ನಿನ್ ಕೂಸು ಒಳಗೆ ಮಲಗ್ಯದೆ. ನನ್ನವು ಹುಲ್ಲಲ್ಲಿ ಮಲಗ್ಯವೆ. ಕಳಿಸ್ತೀಯೋ ಇಲ್ವೋ?”

ಕೇತಿ ಕೂಸಿನ ಮುಖ ನೋಡಿದಳು. ಎದ್ದು ಒಲೆಯ ಮುಂದೆ ನಿಂತಳು. “ನೆಂಟಪ್ಪ, ಬೇಸ್ಗೆ ಬಂತು. ನೀನಿನ್ನು ಹೊರಡ್ಬೇಕು,” ಅಂದಳು.

ಬೆಂಕಿ ಜಗಳವಾಡಲಿಲ್ಲ. ಎದ್ದು ಕೆಂಪು ಪಂಚೆ ಕೊಡವಿಕೊಂಡಿತು. “ಸರಿ ಕಣವ್ವ. ಹಂಗಾರೆ ಹೋಗ್ ಬತ್ತೀನಿ,” ಅಂದಿತು.

ಕೇತಿ ಅಭ್ಯಾಸಬಲದಿಂದ ನಕ್ಕು, ನೆಂಟರಿಗೆಲ್ಲ ಅನ್ನುವಂತೆ ಅಂದಳು: “ಹೋಗ್ ಬಾ.”

ಕೇಳಿಸಿತಾ? ‘ಹೋಗು’ ಅಂದಿದ್ದರೆ ಮುಗಿಯುತ್ತಿತ್ತು. ಒಂದು ಚೊಂಬು ನೀರು ಹೊಯ್ದು ಬೆನ್ನು ತಿರುಗಿಸಿದ್ದರೆ ಮುಗಿಯುತ್ತಿತ್ತು. ನೀರನ್ನೂ ಹೊಯ್ಯಲಿಲ್ಲ. ನೆಂಟನ ತಲೆಯ ಮೇಲೆ ನೀರು ಹೊಯ್ಯುವುದು ಹೇಗೆ ಎಂದುಕೊಂಡು, ಬೆಂಕಿ ಬೂದಿಯೊಳಗೆ ಕಣ್ಣು ಮುಚ್ಚಿದ್ದನ್ನು ನೋಡಿ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತೊರೆಗೆ ಹೊರಟುಹೋದಳು.

ಬೆಂಕಿ ಬೂದಿಯೊಳಗಿಂದ ಒಂದು ಕಣ್ಣು ತೆರೆಯಿತು. “ಹೋಗು ಅಂದಳು, ಹೋದೆ. ಬಾ ಅಂದಳು, ಬಂದೆ,” ಅಂದುಕೊಂಡಿತು.

ನಡುಮಧ್ಯಾಹ್ನ. ಬಯಲಿನಿಂದ ಬಂದ ಗಾಳಿ ಗುಡಿಸಲ ಮುಂದೆ ಹಾಯಿತು.

“ಎಲ್ಗೆ ಹೊಂಟೆ ಗಾಳಣ್ಣ?”

“ಮೇಲಕ್ಕೆ. ಕೆಳಗೆ ಸೆಕೆ. ಹಗಲೆಲ್ಲ ಬೆಟ್ಟ ಹತ್ತೀನಿ, ಹೊತ್ತು ಮುಳುಗಿದ್ ಮೇಲೆ ಇಳೀತೀನಿ.”

“ನನ್ನೂ ಹೊತ್ಕೊಂಡ್ ಹೋಗ್ತೀಯಾ?”

ಗಾಳಿಗೆ ಒಳ್ಳೆಯದು ಕೆಟ್ಟದ್ದು ತಿಳಿಯದು. ಹೂವಿನ ವಾಸನೆ ಕೇಳಿದರೂ ಹೊರುತ್ತದೆ, ಹೊಗೆ ಕೇಳಿದರೂ ಹೊರುತ್ತದೆ. ಬಗ್ಗಿ ಹೆಗಲು ಕೊಟ್ಟಿತು.

ಬೆಂಕಿ ಹತ್ತಿತು. ಅದರ ಬಿಸಿಯುಸಿರು ಅದಕ್ಕಿಂತ ಮುಂದೆ ಹೋಗಿ ಮೇಲಿನ ಹುಲ್ಲನ್ನು ಹುರಿಯಿತು. ಹುರಿದ ಹುಲ್ಲನ್ನು ಅದು ಹಿಂದಿನಿಂದ ಬಂದು ನುಂಗಿತು. ಹೀಗೆ ಹುರಿದು ನುಂಗಿ, ಹುರಿದು ನುಂಗಿ, ಮೊಲ ಓಡುವುದಕ್ಕಿಂತ ಜೋರಾಗಿ ಬೆಟ್ಟದ ಮೇಲೆ ಓಡಿತು.

ಗೌಜಲಕ್ಕಿ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತಿತ್ತು. ಹೊಗೆ ಕಂಡಿತು. ಏಳಲಿಲ್ಲ. ಬಿಸಿ ತಾಗಿತು. ಏಳಲಿಲ್ಲ. ಕೂತಲ್ಲಿಂದಲೇ ನೆಲವನ್ನು ಕುಕ್ಕಿ ಕುಕ್ಕಿ ಕೂಗಿತು.

“ಬೆಟ್ಟಪ್ಪಾ, ಏಳು! ನಿನ್ ಮೈ ಸುಡ್ತಾ ಅದೆ, ಏಳು!”

ಬೆಟ್ಟಗಳು ನಿಧಾನ. “ಹೂಂ... ಯಾರದು...” ಎಂದು ಬೆಟ್ಟಪ್ಪ ಒಂದು ಕಣ್ಣು ತೆರೆಯುವಷ್ಟರಲ್ಲಿ ಎದೆಯ ಗರಿ ಹೊತ್ತಿಕೊಂಡು ಗೌಜಲಕ್ಕಿ ಹಾರಿಬಿಟ್ಟಿತು.

ಮೊಟ್ಟೆಗಳಿಗೆ ಹಾರಲು ಬರುವುದಿಲ್ಲ ರಾಚಿ.

ಇಲ್ಲ, ಉಳಿಯಲಿಲ್ಲ. ಒಂದೂ ಉಳಿಯಲಿಲ್ಲ. ನಿನಗೆ ಬೇಜಾರಾಗಲಿ ಎಂದೇ ಹೇಳುತ್ತಿದ್ದೇನೆ. ಉಳಿಯಿತು ಎಂದು ಸುಳ್ಳು ಹೇಳಿದರೆ ನಾಳೆ ನೀನೂ ಕೆಂಡ ಬಿಟ್ಟು ಬರುತ್ತೀ.

ಬೆಂಕಿ ನೆತ್ತಿಗೆ ಬಂದು ಆಚೆ ಬದಿಯನ್ನು ನೋಡಿತು. ಅಲ್ಲಿ ದಟ್ಟ ಕಾಡು. ಬಾಯಲ್ಲಿ ನೀರೂರಿತು. ಇಳಿಯಲು ಒಂದು ಕಾಲು ಮುಂದಿಟ್ಟಿತು.

ಅಷ್ಟರಲ್ಲಿ ಬೆಟ್ಟಪ್ಪನ ಎರಡನೇ ಕಣ್ಣೂ ತೆರೆಯಿತು. ಬೂದಿಯಾದ ಗೂಡನ್ನು ಕಂಡಿತು. ಲೋಕ ಹುಟ್ಟಿದ ಮೇಲೆ ಬೆಟ್ಟಪ್ಪನಿಗೆ ಅದು ಮೊದಲ ಸಿಟ್ಟು. ಮೈ ಕೊಡವಿತು ನೋಡು, ಗೂಡಿನ ಪಕ್ಕದ ಬಂಡೆಯೇ ಉರುಳಿ ಬೆಂಕಿಯ ಕಾಲಿನ ಮೇಲೆ ಬಿತ್ತು. ಲಟ್ ಎಂದು ಕಾಲು ಮುರಿಯಿತು.

“ಗಾಳಣ್ಣ, ಎತ್ಕೊ!” ಎಂದು ಬೆಂಕಿ ಅತ್ತಿತು.

“ಇಳಿಯೋ ಹೊತ್ತಲ್ಲ ನಂದು,” ಎಂದು ಗಾಳಿ ಇನ್ನೂ ಮೇಲಕ್ಕೆ ಹೋಯಿತು.

ಬೆಂಕಿ ಒಂಟಿಗಾಲಿನಲ್ಲಿ ಕುಂಟುತ್ತಾ ಇಳಿಯಿತು. ಅದರ ಉಸಿರು ಮೇಲಕ್ಕೆ ಹೋಗುತ್ತಿತ್ತು, ಕಾಲು ಕೆಳಗೆ. ಅಷ್ಟರಲ್ಲಿ ಕೇತಿ ಏದುಸಿರು ಬಿಡುತ್ತಾ ಸುತ್ತು ಹಾಕಿ ಬಂದಳು. ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿದಳು. ಎಲೆ ಕಸ ಗುಡಿಸಿ ಒಂದು ಮಾರು ಅಗಲ ನೆಲ ಬೋಳಿಸಿದಳು. ಕುಂಟ ಬೆಂಕಿಗೆ ಅದನ್ನು ಹಾರಲಾಗಲಿಲ್ಲ. ಕೇತಿ ತೊರೆಯಿಂದ ತಂದ ಸೋರೆಬುರುಡೆಯ ನೀರನ್ನೆಲ್ಲ ಅದರ ಮೇಲೆ ಹೊಯ್ದಳು.

“ಚುಸ್ಸ್... ಹೋಗ್ ಬತ್ತೀನಿ,” ಅಂದಿತು ಬೆಂಕಿ.

“ಹೋಗು!” ಎಂದು ಕಿರುಚಿದಳು ಕೇತಿ. “ಹೋಗು! ಬರಬ್ಯಾಡ! ಹೋಗು!”

“ಮೊದ್ಲು ‘ಬಾ’ ಅಂದಿದ್ದೀಯಲ್ಲವ್ವ. ಬೇಸ್ಗೆ ಬೇಸ್ಗೆಗೂ ಬತ್ತೀನಿ,” ಎಂದು ಬೆಂಕಿ ಆರಿತು.

ಕೇತಿ ಗೌಜಲಕ್ಕಿಯ ಮುಂದೆ ಮೊಣಕಾಲೂರಿದಳು. “ತಪ್ಪಾಯ್ತು ಕಣವ್ವ. ಮರ್ಯಾದೆಗೆ ಅಂದ್ಬುಟ್ಟೆ.”

“ನಿನ್ ಮರ್ಯಾದೆ ನಿನ್ ಹತ್ರ ಉಳೀತು,” ಅಂದಿತು ಗೌಜಲಕ್ಕಿ. “ನನ್ ಹತ್ರ ಏನ್ ಉಳೀತು?”

ಗೌಜಲಕ್ಕಿ ಅವಳನ್ನು ಕ್ಷಮಿಸಲಿಲ್ಲ. ಕ್ಷಮಿಸಬೇಕಿತ್ತು ಎಂದು ನಾನು ಹೇಳುವುದಿಲ್ಲ. ಸುಟ್ಟ ಎದೆಯ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆ ಉಳಿದವು, ಈಗಲೂ ಇವೆ.

ಈಗ ನೋಡು, ಸುಟ್ಟು ಕರಿಯಾದ ಆ ಗುಡ್ಡ. ಮೊನ್ನೆ ಜೀಪಿನಲ್ಲಿ ನಾಲ್ಕು ಜನ ಬಂದು ಅಲ್ಲಿ ಕೋಳಿ ಸುಟ್ಟು ತಿಂದರಲ್ಲ, ಹೋಗುವಾಗ ನಮ್ಮ ಮನೆ ಮುಂದೆ ನೀರು ಕೇಳಿದರು. “ಬೆಂಕಿ ಆರಿಸಿದ್ರಾ?” ಎಂದು ಕೇಳಿದೆ. “ಅದೆಲ್ಲ ಬೂದಿ ಆಗೋಯ್ತು ಅಜ್ಜಿ,” ಅಂದರು. ನನಗೆ ಅನುಮಾನ ಬಂತು. ತಿರುಗಿ ಹೋಗಿ ನೀರು ಹೊಯ್ದು ಬನ್ನಿ ಎಂದು ಗದರಬೇಕಿತ್ತು. ಹೊರಗಿನವರು, ಏನಂದುಕೊಂಡಾರು ಅನಿಸಿತು. “ಹೋಗಿ ಬರ್ತೀವಿ ಅಜ್ಜಿ,” ಅಂದರು. ನಾನೂ ನಕ್ಕು, “ಹೋಗಿ ಬನ್ನಿ,” ಅಂದೆ.

ಗೊತ್ತಾಯಿತಾ ಸಿಟ್ಟು ಯಾರ ಮೇಲೆ ಅಂತ? ಅರ್ಧ ಅವರ ಮೇಲೆ. ಇನ್ನರ್ಧ ಎಲ್ಲಿಟ್ಟುಕೊಳ್ಳಲಿ ಹೇಳು.

ಅದಕ್ಕೇ ಮಗಾ, ಬೇಸಿಗೆ ಬೆಂಕಿ ಬೆಟ್ಟವನ್ನು ಓಡುತ್ತಾ ಹತ್ತುತ್ತದೆ, ಕುಂಟುತ್ತಾ ಇಳಿಯುತ್ತದೆ. ಅದಕ್ಕೇ ಗೌಜಲಕ್ಕಿ ನಮ್ಮನ್ನು ಕಂಡ ಕೂಡಲೇ ಅಷ್ಟು ಗೌಜು ಎಬ್ಬಿಸುತ್ತದೆ. ಮತ್ತು ನೀರು ಹೊಯ್ದಾಗ ಕೆಂಡ ‘ಚುಸ್ಸ್’ ಎಂದು ಎಷ್ಟೇ ಮರ್ಯಾದೆಯಿಂದ ಹೇಳಿಹೋದರೂ, ಈ ಮನೆಯಲ್ಲಿ ಯಾರೂ ಅದಕ್ಕೆ ಉತ್ತರ ಕೊಡದೆ ಇನ್ನೊಂದು ಚೊಂಬು ನೀರು ಹೊಯ್ಯುವುದು ಅದಕ್ಕೇ.