ಹಸಿರನ್ನು ತಿಂದು ನೋಡಿದ ಟಗರು

ಕಾರಹುಣ್ಣಿಮೆಯ ಮಾರನೇ ದಿನ ಜೋಗ್ಯನೆಂಬ ಟಗರು ಮೊದಲ ಸಲ ಹಟ್ಟಿಯ ಬೇಲಿ ಹಾರಿ ಹೋಗಿದ್ದ. ಅಂದಿನಿಂದ ಅವನ ಕಾಲು ಒಂದು ಕಡೆ ನಿಂತದ್ದಿಲ್ಲ. ಹಾಗಾಗಿ ಮೇವು ಹುಡುಕುವ ಕೆಲಸವನ್ನು ಹಿಂಡು ಅವನಿಗೇ ಒಪ್ಪಿಸಿತ್ತು. ಈ ಸಲ ತಾಯಿಕುರಿಗಳ ಹಾಲು ಬತ್ತಿ ಮರಿಗಳು ಸೊರಗಿದಾಗ, ಜೋಗ್ಯ ಆಕಾಶದಲ್ಲಿ ಸುತ್ತುವ ಎರಡು ಉಪಗ್ರಹಗಳನ್ನು ವಿಚಾರಿಸಿದ.

ಹಿರಿಯ ಉಪಗ್ರಹಕ್ಕೆ ಇಡೀ ಬಯಲು ಒಂದೇ ಚುಕ್ಕೆಯಾಗಿ ಕಾಣುತ್ತಿತ್ತು. "ಬಡಗಣ ಬಯಲು ಪೂರ್ತಿ ತಿಳಿಹಸಿರು. ಎಲ್ಲೆಡೆ ಸಾಧಾರಣ ಮೇವುಂಟು," ಎಂದಿತು.

ಕಿರಿಯ ಉಪಗ್ರಹಕ್ಕೆ ಹತ್ತು ಹೆಜ್ಜೆಯ ತುಂಡೂ ಬೇರೆಯಾಗಿ ಕಾಣುತ್ತಿತ್ತು. ಅದು ನಕ್ಕು, "ಅಜ್ಜಾ, ಹಸಿರನ್ನೂ ಬೋಳು ನೆಲವನ್ನೂ ಕಲಸಿಬಿಟ್ಟೆಯಲ್ಲ! ಬಯಲೆಲ್ಲ ಹುಲ್ಲು ಹುಟ್ಟದ ಸವಳು. ಹಳ್ಳದ ದಂಡೆ ಮಾತ್ರ ಕಡುಹಸಿರು. ಅಲ್ಲಿಗೆ ಹೋಗು ಮಾವ," ಎಂದಿತು.

ಜೋಗ್ಯ ಎರಡು ದಿನ ನಡೆದ. ಬಯಲೆಲ್ಲ ಸವಳೇ, ದಂಡೆ ನಿಜಕ್ಕೂ ಕಡುಹಸಿರು. ಆಸೆಯಿಂದ ಬಾಯಿ ಹಾಕಿದರೆ, ಅದು ಬರೀ ಕಾಂಗ್ರೆಸ್ ಗಿಡ, ಹಾಳು ಕಹಿ.

"ಹೇಳಿದಂತೆ ಹಸಿರಿತ್ತೋ ಇಲ್ಲವೋ?" ಎಂದು ಕಿರಿಯದು ಬೀಗಿತು.

"ಇತ್ತಪ್ಪಾ. ನೀನು ಇದನ್ನು ತಿಂದು ನೋಡಿದ್ದೆಯಾ?"

"ನನಗೆ ಬಾಯೆಲ್ಲಿದೆ?"

"ಅದನ್ನು ಮೊದಲೇ ಹೇಳಬೇಕಿತ್ತು."

ಮೇಲಿನವೆರಡೂ ಇನ್ನೊಂದು ಸುತ್ತು ತಿರುಗಿ ನೆಲವನ್ನು ನೋಡಿದವು. ಆಮೇಲೆ ಹಿರಿಯದು, "ತೆಂಕಣ ಗುಡ್ಡದ ಬುಡದಲ್ಲೂ ಹಸಿರು ಕಾಣುತ್ತಿದೆ. ಹುಲ್ಲೋ ಕಳೆಯೋ, ನಮಗೆ ತಿಳಿಯದು," ಎಂದಿತು.

"ಈಗ ನೆಟ್ಟಗೆ ಮಾತಾಡಿದಿರಿ. ಜಾಗ ನೀವು ತೋರಿಸಿ, ಹೆಸರು ನಾನು ಹೇಳುತ್ತೇನೆ," ಎಂದ ಜೋಗ್ಯ. ಗುರುತಿಗೆಂದು ಕಹಿ ಎಲೆಯೊಂದನ್ನು ತಾನು ಹೊತ್ತು ತಂದಿದ್ದ ಕಂಬಳಿಯ ತುದಿಗೆ ಗಂಟು ಹಾಕಿ, ಕಂಬಳಿ ಸುತ್ತಿ ಬೆನ್ನಿಗೇರಿಸಿ, ತೆಂಕಣಕ್ಕೆ ಮುಖ ಮಾಡಿದ.