ಅಳುವುದಕ್ಕೆ ನಲವತ್ತು ದಿನ

"ಗುರುಗಳೇ, ನನಗೆ ಒಲಿಯದ ಹೆಣ್ಣಿನ ಮೇಲೆ ಹಾಡು ಕಟ್ಟಿಕೊಂಡು ಬದುಕುವುದರಲ್ಲಿ ತಪ್ಪೇನು? ನಾನು ಅವಳಿಂದ ಏನನ್ನೂ ಬೇಡುತ್ತಿಲ್ಲ. ಇದರಿಂದ ಯಾರಿಗೆ ನಷ್ಟ?" ಎಂದು ಶಿಷ್ಯ ಕೇಳಿದ.

ಗುರುಗಳು ದಣಿದಿದ್ದರು. ಈ ಪ್ರಶ್ನೆಯನ್ನು ಅವರು ಎಷ್ಟೋ ಜನರ ಬಾಯಲ್ಲಿ ಕೇಳಿದ್ದರು. ಆದರೂ ಹೇಳಿದರು.

ಹಿಂದೆ ಫ್ರಾನ್ಸ್ ದೇಶದಲ್ಲಿ ಒಬ್ಬ ಹಾಡುಗಾರನಿದ್ದ. ಕೋಟೆಯ ಒಡೆಯನ ಹೆಂಡತಿಯ ಮೇಲೆ ಹಾಡು ಕಟ್ಟುತ್ತಿದ್ದ. ಅಲ್ಲಿ ಅದು ತಪ್ಪಲ್ಲ, ಕೋಟೆಗೇ ಹೆಮ್ಮೆ. ಹಾಡಿನಲ್ಲಿ ಅವಳ ಹೆಸರು ಹೇಳಬಾರದು. ಅವಳು ಕಲ್ಲು, ತಾನು ಸಾಯುತ್ತಿದ್ದೇನೆ ಎನ್ನಬೇಕು. ಹೆಸರು ಹೇಳದಿದ್ದರೂ ಯಾರೆಂದು ಅಡುಗೆಯವಳಿಗೂ ಗೊತ್ತಿತ್ತು. ಒಡತಿ ಎದುರಿಗೆ ಕೂತು, ಮುಖ ಅಲುಗಿಸದೆ ಕೇಳಬೇಕು. ಒಂದು ಹನಿ ಕಣ್ಣೀರು ಬಂದರೆ ಒಲಿದಳು ಎಂದೇ ಅರ್ಥ. ಒಲಿದಳೆಂದು ಕಂಡರೆ ಗಂಡ ಅವಳನ್ನು ಸನ್ಯಾಸಿನಿಯರ ಮಠಕ್ಕೆ ಅಟ್ಟುತ್ತಾನೆ. ಹಾಡಿದವನಿಗೆ ಉಡುಗೊರೆ ಸಿಗುತ್ತದೆ.

ಒಂದು ಚಳಿಗಾಲ ಅವಳ ಮೂರು ವರ್ಷದ ಮಗು ಜ್ವರದಿಂದ ತೀರಿಕೊಂಡಿತು. ಆ ಚಳಿಯಲ್ಲಿ ಕೋಟೆಯ ಜನವೆಲ್ಲ ಬೆಂಕಿಯಿದ್ದ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ದಿನವೂ ಊಟವಾದ ಮೇಲೆ ಅಲ್ಲೇ ಹಾಡು. ಮಗುವನ್ನು ಮಣ್ಣು ಮಾಡಿ ಬಂದ ಮರುದಿನವೂ ಹಾಡು. ಅತ್ತರೆ ಹಾಡಿಗೆ ಅತ್ತಳು ಎನ್ನುತ್ತಾರೆ. ಅವಳು ಹಲ್ಲು ಕಚ್ಚಿ ಕೂತಳು. ಹೆತ್ತ ಮಗು ಸತ್ತರೂ ಕಣ್ಣು ಒದ್ದೆಯಾಗಲಿಲ್ಲ, ಹಾಡುಗಾರ ಕಲ್ಲು ಎಂದದ್ದು ಸುಳ್ಳಲ್ಲ ಎಂದು ಜನ ಆಡಿಕೊಂಡರು.

ಕೊನೆಗೆ ಒಂದು ಬೆಳಿಗ್ಗೆ ಅವಳು ಮೆಟ್ಟಿಲ ಬಳಿ ಹಾಡುಗಾರನನ್ನು ತಡೆದಳು.

"ಅಯ್ಯಾ, ನಲವತ್ತು ದಿನ ನಿನ್ನ ಹಾಡು ನಿಲ್ಲಿಸು. ನಾನು ನನ್ನ ಮಗುವಿಗಾಗಿ ಅಳಬೇಕು. ನೀನು ಹಾಡುತ್ತಿದ್ದರೆ ಆ ಕಣ್ಣೀರನ್ನೂ ನಿನ್ನದೆನ್ನುತ್ತಾರೆ."

"ಒಡತಿ, ಹನ್ನೊಂದು ವರ್ಷದಲ್ಲಿ ನೀವು ನನ್ನೊಡನೆ ಆಡಿದ ಮೊದಲ ಮಾತು ಇದು" ಎಂದ ಅವನು. ಅವನ ಕಣ್ಣು ತುಂಬಿ ಬಂತು.

ಮರುದಿನ ಹೊಸ ಹಾಡು ಕೇಳಿಸಿತು. ನಲವತ್ತು ದಿನ ನಿನ್ನ ದನಿಯೇ ಬೇಡ ಎಂದು ಪ್ರಿಯನನ್ನು ದೂರ ತಳ್ಳಿದ ಕಟುಕಿಯ ಹಾಡು. ಕೋಣೆಯಲ್ಲಿದ್ದವರೆಲ್ಲ ಅತ್ತರು. ಒಡೆಯನೂ ಅತ್ತ. ಅವಳು ಅಳಲಿಲ್ಲ.

ಶಿಷ್ಯ, "ಪಾಪ, ಹಾಡುಗಾರನಿಗೆ ಅವಳ ನೋವು ತಿಳಿಯದೆ ಹೋಯಿತಲ್ಲ ಗುರುಗಳೇ" ಎಂದ.

ಗುರುಗಳು ಎದ್ದು ನಿಂತು ಹೇಳಿದರು: "ಅವಳು ಬಾಯಿಬಿಟ್ಟು ಹೇಳಿದಳು, ಅವನು ಅದಕ್ಕೂ ರಾಗ ಹಾಕಿದ."